ಅಪರಾಧ, ವಿಚಾರಣೆ, ಶಿಕ್ಷೆ: ಬೇಲೂರು–ಅರಸೀಕೆರೆ ಸೀಮೆಯ ನ್ಯಾಯದ ಚರಿತ್ರೆ

ಬೇಲೂರು, ಹಳೇಬೀಡು, ಅರಸೀಕೆರೆಗಳ ಸೀಮೆಯಲ್ಲಿ ಅಪರಾಧವನ್ನು ವಿಚಾರಿಸಿ ಶಿಕ್ಷೆ ವಿಧಿಸುವ ಅಧಿಕಾರ ಒಂದೇ ಕಡೆ ನಿಂತದ್ದಲ್ಲ. ಊರ ಗೌಡರು, ಅಗ್ರಹಾರದ ಮಹಾಜನರು, ಹೊಯ್ಸಳ ಅಧಿಕಾರಿಗಳು, ಬೇಲೂರಿನ ನಾಯಕರು, ಮೈಸೂರಿನ ಅಮಲ್ದಾರರು ಇವರನ್ನೆಲ್ಲ ದಾಟಿ ಅದು ಇಂದಿನ ಮ್ಯಾಜಿಸ್ಟ್ರೇಟ್ ಮತ್ತು ಸೆಷನ್ಸ್ ನ್ಯಾಯಾಧೀಶರ ಬಳಿಗೆ ಬಂದಿದೆ. ಈಗ ನಡೆಯುತ್ತಿರುವ ಪದ್ಧತಿಯ ಚೌಕಟ್ಟು ಇಂಗ್ಲಿಷ್ ಕಾನೂನಿನದು. ಆದರೆ ಇಂಗ್ಲೆಂಡಿನಲ್ಲಿ ಇದ್ದ ಹಾಗೆಯೇ ಅದು ಇಲ್ಲಿಗೆ ಬರಲಿಲ್ಲ, ಬಂದ ಕೂಡಲೇ ಬೇರೂರಲೂ ಇಲ್ಲ. ಆರೋಪ ಹೊರಿಸುವವರು, ಆರೋಪಿಯ ಪರ ವಾದಿಸುವವರು, ತೀರ್ಪು ಕೊಡುವವರು, ಕಂದಾಯ ಎತ್ತುವವರು ಬೇರೆ ಬೇರೆಯಾಗಿರಬೇಕೆಂಬ ತತ್ವ ಇಲ್ಲಿ ನೆಲೆಗೊಳ್ಳಲು ನೂರು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. ಈ ಸೀಮೆಯ ನ್ಯಾಯದ ಚರಿತ್ರೆಯಲ್ಲಿ ಎಲ್ಲಕ್ಕಿಂತ ದೊಡ್ಡ ಬದಲಾವಣೆ ಅದೇ.

ಹಳೇಬೀಡು ಹೊಯ್ಸಳರ ರಾಜಧಾನಿ ದೋರಸಮುದ್ರ. ಬೇಲೂರಿನ ಚೆನ್ನಕೇಶವ ದೇವಾಲಯವನ್ನು 1117ರಲ್ಲಿ ಪ್ರತಿಷ್ಠಾಪಿಸಿದ ವಿಷ್ಣುವರ್ಧನ ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನಿಗೆ ಸಾಮಂತನಾಗಿದ್ದವನು. ಆ ವಿಕ್ರಮಾದಿತ್ಯನ ಆಳ್ವಿಕೆಯಲ್ಲೇ, ಕಲ್ಯಾಣದಲ್ಲಿ, ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರ ಎಂಬ ವ್ಯಾಖ್ಯಾನ ಬರೆದ. ಮಿತಾಕ್ಷರ ಎಂದರೆ ಇಂದಿನ ವಕೀಲರಿಗೆ ಆಸ್ತಿ ಪಾಲಿನ ಶಾಸ್ತ್ರ. ಆದರೆ ಅದರ ವ್ಯವಹಾರಾಧ್ಯಾಯದಲ್ಲಿ ವಿಚಾರಣೆಯ ಕ್ರಮ ಪೂರ್ತಿಯಾಗಿದೆ. ಒಂದು ವ್ಯಾಜ್ಯಕ್ಕೆ ನಾಲ್ಕು ಪಾದಗಳು: ವಾದಿ ಹೇಳಿದ್ದನ್ನು ಬರೆದುಕೊಳ್ಳುವುದು, ಪ್ರತಿವಾದಿಯ ಉತ್ತರ, ಸಾಕ್ಷ್ಯ, ನಿರ್ಣಯ. ಸಾಕ್ಷ್ಯವೆಂದರೆ ಬರಹ, ಅನುಭೋಗ, ಸಾಕ್ಷಿಗಳು. ಇವು ಮೂರೂ ಇಲ್ಲದ ಕಡೆ ಮಾತ್ರ ದಿವ್ಯ, ಅಂದರೆ ದೈವದ ಮುಂದೆ ನಡೆಸುವ ಪರೀಕ್ಷೆ. ದಂಡವೂ ನಾಲ್ಕು ಬಗೆ: ಮಾತಿನಿಂದ ಎಚ್ಚರಿಸುವುದು, ಧಿಕ್ಕರಿಸುವುದು, ಹಣ ತೆಗೆದುಕೊಳ್ಳುವುದು, ದೇಹದಂಡನೆ. ಅಪರಾಧ, ದೇಶ, ಕಾಲ, ಅಪರಾಧಿಯ ಬಲ ಮತ್ತು ವಯಸ್ಸು ಇವನ್ನು ನೋಡಿ ದಂಡ ಗೊತ್ತುಮಾಡಬೇಕೆಂಬ ನಿಯಮವೂ ಅಲ್ಲಿದೆ. ಕುಲ, ಶ್ರೇಣಿ, ಪೂಗ ಎಂಬ ಸಭೆಗಳು ಒಂದರ ಮೇಲೊಂದು. ಅವುಗಳ ಮೇಲೆ ರಾಜನು ನೇಮಿಸಿದವರು. ಕೆಳಗಿನವರ ತೀರ್ಪನ್ನು ಮೇಲಿನವರು ಮತ್ತೆ ನೋಡಬಹುದಾಗಿತ್ತು. ಮೇಲ್ಮನವಿ ಎಂಬುದನ್ನು ಇಂಗ್ಲಿಷರು ಈ ದೇಶಕ್ಕೆ ಮೊದಲು ತಂದರೆಂದು ತಿಳಿಯುವುದು ಸರಿಯಲ್ಲ.

ಇದು ಶಾಸ್ತ್ರ. ನಾಡಿನಲ್ಲಿ ನಡೆಯುತ್ತಿದ್ದುದೇನೆಂಬುದನ್ನು ಶಾಸನಗಳಿಂದ ತಿಳಿಯಬೇಕು. ಬೆಂಜಮಿನ್ ಲೂಯಿ ರೈಸ್ ಹಾಸನ ಜಿಲ್ಲೆಯ ಶಾಸನಗಳನ್ನು ಎಪಿಗ್ರಾಫಿಯ ಕರ್ನಾಟಿಕದ ಐದನೆಯ ಸಂಪುಟವಾಗಿ 1902ರಲ್ಲಿ ಹೊರತಂದರು. ಬೇಲೂರು ಮತ್ತು ಅರಸೀಕೆರೆ ತಾಲ್ಲೂಕುಗಳ ಶಾಸನಗಳು ಆ ಸಂಪುಟದಲ್ಲಿವೆ. ಅವುಗಳಲ್ಲಿ ಹೆಚ್ಚಿನವು ದತ್ತಿ ಶಾಸನಗಳು, ತೀರ್ಪುಗಳಲ್ಲ. ಆದರೂ ದತ್ತಿಯ ಒಕ್ಕಣೆಯಲ್ಲಿ ನ್ಯಾಯದ ಸುಳಿವು ಸಿಗುತ್ತದೆ. ಒಂದು ಹಳ್ಳಿಯನ್ನು ದೇವಾಲಯಕ್ಕೋ ಅಗ್ರಹಾರಕ್ಕೋ ಬಿಟ್ಟುಕೊಡುವಾಗ ನೆಲ, ನೀರು, ನಿಧಿ, ನಿಕ್ಷೇಪಗಳ ಜೊತೆಗೆ ದಂಡದೋಷವನ್ನೂ, ಅಂದರೆ ತಪ್ಪಿತಸ್ಥರಿಂದ ಬರುವ ದಂಡದ ಹಣವನ್ನೂ ಬಿಟ್ಟುಕೊಡುತ್ತಿದ್ದರು. ದಂಡ ಹಾಕುವ ಹಕ್ಕು ತೆರಿಗೆ ಎತ್ತುವ ಹಕ್ಕಿನ ಹಾಗೆಯೇ ಒಂದು ಆದಾಯ. ಯಾರು ಕಂದಾಯ ತೆಗೆದುಕೊಳ್ಳುವರೋ ಅವರೇ ತಪ್ಪನ್ನೂ ವಿಚಾರಿಸುವರು. ಈ ಎರಡು ಅಧಿಕಾರಗಳ ಗಂಟು ಹೊಯ್ಸಳರೊಂದಿಗೆ ಬಿಚ್ಚಿಹೋಗಲಿಲ್ಲ. ಅದು ಮೈಸೂರಿನ ಅಮಲ್ದಾರನವರೆಗೂ ಹಾಗೆಯೇ ಉಳಿಯಿತು.

ಇನ್ನು ಹೊಡೆದಾಟ, ಲೂಟಿ, ಅಪಹರಣಗಳ ಕತೆಯನ್ನು ಹೇಳುವುದು ವೀರಗಲ್ಲುಗಳು. ತುರುಗೋಳು ದನಗಳ ಲೂಟಿ. ಪೆಣ್ಬುಯ್ಯಲು ಹೆಣ್ಣುಮಕ್ಕಳ ಅಪಹರಣ. ಊರಳಿವು ಊರಿಗೆ ಊರೇ ಹಾಳಾಗುವಂಥ ದಾಳಿ. ಇವನ್ನು ತಡೆಯಲು ಹೋಗಿ ಸತ್ತವನ ಹೆಸರು ಕಲ್ಲಿನ ಮೇಲೆ ನಿಂತಿದೆ, ಅವನ ಮನೆಯವರಿಗೆ ಕೊಟ್ಟ ನೆತ್ತರುಗೊಡಗೆಯ ಭೂಮಿಯ ವಿವರವಿದೆ. ದನ ಹೊಡೆದುಕೊಂಡು ಹೋದವರನ್ನು ಹಿಡಿದು ವಿಚಾರಣೆ ನಡೆಸಿದ ಮಾತು ಸಾಮಾನ್ಯವಾಗಿ ಇಲ್ಲ. ಅಂದಿನ ದೃಷ್ಟಿಯಲ್ಲಿ ಅದು ನ್ಯಾಯಸಭೆಯ ಮುಂದೆ ಬರುವ ಅಪರಾಧಕ್ಕಿಂತ ಹೆಚ್ಚಾಗಿ ಕಾಳಗದ ವಿಷಯ. ಇಂದಿನ ಕಾನೂನಿನಲ್ಲಿ ಇವೆಲ್ಲ ರಾಜ್ಯದ ವಿರುದ್ಧ ನಡೆದ ತಪ್ಪು ಎಂದು ಎಣಿಕೆಯಾಗುತ್ತವೆ, ಮೊಕದ್ದಮೆ ಸರ್ಕಾರದ ಹೆಸರಿನಲ್ಲೇ ನಡೆಯುತ್ತದೆ. ವೀರಗಲ್ಲುಗಳ ಕಾಲದಲ್ಲಿ ಹೋದ ಪ್ರಾಣದ ಲೆಕ್ಕವನ್ನು ಊರು ಇಟ್ಟುಕೊಳ್ಳುತ್ತಿತ್ತು, ಋಣವನ್ನೂ ಊರೇ ತೀರಿಸುತ್ತಿತ್ತು.

ಸಾಕ್ಷಿಗಳಿಂದ ಸತ್ಯ ಹೊರಬರದಿದ್ದಾಗ ದಿವ್ಯ. ಯಾಜ್ಞವಲ್ಕ್ಯ ಹೇಳುವ ದಿವ್ಯಗಳು ಐದು: ತುಲೆ, ಅಗ್ನಿ, ಜಲ, ವಿಷ, ಕೋಶ. ಕನ್ನಡ ನಾಡಿನ ಶಾಸನಗಳಲ್ಲಿ ದೇವರ ಸನ್ನಿಧಿಯಲ್ಲಿ ಕಾದ ಕಬ್ಬಿಣ ಹಿಡಿದು, ಕಾಯಿಸಿದ ತುಪ್ಪದಲ್ಲಿ ಕೈ ಅದ್ದಿ ಮಾತು ನಿಜವೆಂದು ತೋರಿಸಿದ ಉಲ್ಲೇಖಗಳಿವೆ. ಗೆದ್ದವನಿಗೆ ಜಯಪತ್ರ. ಇಂಗ್ಲೆಂಡಿನಲ್ಲೂ ಆ ಕಾಲಕ್ಕೆ ನಡೆಯುತ್ತಿದ್ದುದು ಇದೇ: ಕಾದ ಕಬ್ಬಿಣವನ್ನು ಹಿಡಿಸುವುದು, ಕಟ್ಟಿ ನೀರಿಗೆ ಇಳಿಸುವುದು. 1215ರಲ್ಲಿ ರೋಮಿನ ಚರ್ಚ್ ತನ್ನ ಪಾದ್ರಿಗಳು ದಿವ್ಯಗಳಲ್ಲಿ ಭಾಗವಹಿಸಬಾರದೆಂದು ವಿಧಿಸಿತು. ದೈವದ ಸಾಕ್ಷ್ಯ ತಪ್ಪಿಹೋದಾಗ ಇಂಗ್ಲೆಂಡ್ ನೆರೆಹೊರೆಯ ಹನ್ನೆರಡು ಜನರ ಮಾತನ್ನು ಆಶ್ರಯಿಸಿತು. ಜ್ಯೂರಿ ಪದ್ಧತಿ ಬೆಳೆದದ್ದು ಹೀಗೆ. ಅರಸೀಕೆರೆಯ ಶಿವಾಲಯ ಕಟ್ಟಿದ ಸುಮಾರಿಗೆ, 1220ರ ಹೊತ್ತಿಗೆ, ಎರಡು ನಾಡುಗಳ ದಾರಿ ಇಲ್ಲಿ ಬೇರೆಯಾಯಿತು.

ಹೊಯ್ಸಳರು ಹೋದ ಮೇಲೆ ವಿಜಯನಗರ, ಆಮೇಲೆ ಬೇಲೂರಿನ ನಾಯಕರು. ಈ ಕಾಲದ ಒಂದು ಪ್ರಕರಣ ಹಳೇಬೀಡಿನಲ್ಲೇ ಶಾಸನವಾಗಿ ಉಳಿದಿದೆ, ವಿವರವಾಗಿ ನೋಡಲು ಯೋಗ್ಯವಾಗಿದೆ. 1638ರ ಆ ಶಾಸನದ ಪ್ರಕಾರ, ಹಳೇಬೀಡಿನ ವಿಜಯಪಾರ್ಶ್ವನಾಥ ಬಸದಿಯ ಕಂಬಗಳ ಮೇಲೆ ಹುಚ್ಚಪ್ಪದೇವ ಎಂಬವರು ಲಿಂಗಮುದ್ರೆ ಹಾಕಿದರು. ವಿಜಯಪ್ಪ ಎಂಬವರು ಅದನ್ನು ಅಳಿಸಿದರು. ಒಂದು ಕಡೆಯಿಂದ ನೋಡಿದರೆ ಪೂಜಾಸ್ಥಳವನ್ನು ಕೆಡಿಸಿದ್ದು, ಇನ್ನೊಂದು ಕಡೆಯಿಂದ ನೋಡಿದರೆ ಪವಿತ್ರ ಚಿಹ್ನೆಗೆ ಅಪಚಾರ ಮಾಡಿದ್ದು. ಇಂದಾದರೆ ಎರಡೂ ಕಡೆಯಿಂದ ಪೊಲೀಸ್ ಠಾಣೆಗೆ ದೂರು ಹೋಗುತ್ತಿತ್ತು. ಆಗ ಬೇಲೂರಿನಲ್ಲಿ ವೆಂಕಟಾದ್ರಿ ನಾಯಕನ ಆಳ್ವಿಕೆ. ಜೈನ ಪ್ರಮುಖರು ಸೇರಿ ವೀರಶೈವ ಹಿರಿಯರ ಸಭೆಯಾದ ಮಹಾಮಹತ್ತಿನ ಮುಂದೆ ಅರಿಕೆ ಮಾಡಿಕೊಂಡರು. ಎರಡು ಸಮುದಾಯಗಳ ಹಿರಿಯರು ಕೂತು ಗೊತ್ತುಮಾಡಿದ್ದಿಷ್ಟು: ಮೊದಲು ವಿಭೂತಿ ವೀಳ್ಯ ಸಲ್ಲಿಸುವುದು, ಆಮೇಲೆ ಬಸದಿಯ ಪೂಜೆ, ಅಲಂಕಾರ, ದೀಪ, ಅಭಿಷೇಕಗಳನ್ನು ಹಿಂದಿನ ಮರ್ಯಾದೆಯಂತೆ ಜೈನರು ಸೂರ್ಯಚಂದ್ರರಿರುವವರೆಗೆ ನಡೆಸಿಕೊಂಡು ಹೋಗುವುದು. ಈ ಧರ್ಮಕ್ಕೆ ಅಡ್ಡಿಮಾಡಿದ ಶಿವಭಕ್ತ ಶಿವನಿಗೇ ದ್ರೋಹಿ ಎಂದು ಶಾಸನ ಸಾರುತ್ತದೆ.

ಇಲ್ಲಿ ಯಾರಿಗೂ ಸೆರೆಯಿಲ್ಲ, ಹಣದ ದಂಡವಿಲ್ಲ. ಮುಂದೆ ತಪ್ಪು ಮಾಡುವವರಿಗೆ ಹೆದರಿಕೆಯಿರುವುದು ಅವರವರ ನಂಬಿಕೆಯಿಂದಲೇ. ಇದೇ ಜಿಲ್ಲೆಯ ಶ್ರವಣಬೆಳಗೊಳದಲ್ಲಿ 1368ರಲ್ಲಿ ವಿಜಯನಗರದ ಬುಕ್ಕರಾಯ ಜೈನರಿಗೂ ಶ್ರೀವೈಷ್ಣವರಿಗೂ ಮಾಡಿಸಿಕೊಟ್ಟ ಒಪ್ಪಂದದ ಜಾಡಿನಲ್ಲೇ ಇದೂ ಇದೆ. ಶಿಕ್ಷೆಗಿಂತ ಮುಂದಿನ ಸಹಬಾಳ್ವೆಯನ್ನು ದೊಡ್ಡದೆಂದು ಎಣಿಸಿದ ಈ ತೀರ್ಮಾನಗಳು ಕನ್ನಡ ನಾಡಿನ ನ್ಯಾಯಚರಿತ್ರೆಯಲ್ಲಿ ಬಹಳ ಮೇಲಿನ ಸ್ಥಾನದಲ್ಲಿ ನಿಲ್ಲುವಂಥವು. ಆದರೆ ಇವುಗಳ ಮಿತಿಯನ್ನೂ ಹೇಳಬೇಕು. ಬಲವುಳ್ಳ ಎರಡು ಸಮುದಾಯಗಳು ಎದುರುಬದುರು ಕೂತಾಗ ಇಂಥ ರಾಜಿ ಸಾಧ್ಯ. ಯಾವ ಬಲವೂ ಇಲ್ಲದ ಒಬ್ಬಂಟಿ ಮನುಷ್ಯನ ಮೇಲೆ ಊರೇ ತಪ್ಪು ಹೊರಿಸಿದಾಗ ಅವನ ಪರವಾಗಿ ಮಾತಾಡುವವರು ಯಾರು ಎಂಬುದಕ್ಕೆ ಹಳೆಯ ವ್ಯವಸ್ಥೆಯಲ್ಲಿ ಖಚಿತವಾದ ಉತ್ತರವಿರಲಿಲ್ಲ.

ಇಂಗ್ಲಿಷ್ ಅಧಿಕಾರ ಈ ಭಾಗಕ್ಕೆ ಮೊದಲು ಕಾಲಿಟ್ಟದ್ದು ಕಾನೂನಿನ ರೂಪದಲ್ಲಿ ಅಲ್ಲ. 1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ಮೇಲೆ ಬೇಲೂರಿಗೆ ಪಶ್ಚಿಮದ ಬಲಂ ನಾಡಿನ ನಾಯಕ ಮಣಿಯದೆ ಉಳಿದ. 1802ರ ಜನವರಿಯಲ್ಲಿ ಆರ್ಥರ್ ವೆಲ್ಲೆಸ್ಲಿಯ ಸೈನ್ಯ ಅವನ ಅರಕೆರೆಯ ಕೋಟೆಯನ್ನು ಮುರಿಯಿತು, ಫೆಬ್ರವರಿಯಲ್ಲಿ ಅವನನ್ನು ಹಿಡಿದು ಗಲ್ಲಿಗೇರಿಸಿತು. ಜ್ಯೂರಿಯ ಮುಂದೆ ವಿಚಾರಣೆಯಾಗದೆ ಪ್ರಜೆಯ ಪ್ರಾಣ ತೆಗೆಯಬಾರದೆಂಬ ನಾಡಿನ ಸೇನಾಪತಿ ಇಲ್ಲಿ ಅಂಥ ಯಾವ ನ್ಯಾಯಾಲಯವನ್ನೂ ಕೂಡಿಸಲಿಲ್ಲ.

ಅದೇ ಕಾಲದಲ್ಲಿ ಮೈಸೂರಿನ ದಿವಾನ ಪೂರ್ಣಯ್ಯ ನ್ಯಾಯಕ್ಕೆಂದು ಅದಾಲತ್ ಸ್ಥಾಪಿಸಿದರು. ಇಬ್ಬರು ಬಕ್ಷಿಗಳು ನ್ಯಾಯಾಧೀಶರು. ಅವರ ಜೊತೆ ಶಿರಸ್ತೇದಾರರು, ಊರಿನ ಗೌರವಸ್ಥರು, ಒಬ್ಬ ಖಾಜಿ, ಒಬ್ಬ ಪಂಡಿತ. ತಾಲ್ಲೂಕುಗಳಲ್ಲಿ ಸಣ್ಣಪುಟ್ಟ ತಪ್ಪುಗಳು ಅಮಲ್ದಾರನ ಕೈಯಲ್ಲಿ, ದೊಡ್ಡವು ಪಂಚಾಯಿತರ ಮುಂದೆ. ನಗರ ಸೀಮೆಯ ರೈತರ ದಂಗೆಯ ನಂತರ 1831ರಲ್ಲಿ ಬ್ರಿಟಿಷರು ಮೈಸೂರಿನ ಆಡಳಿತವನ್ನು ವಹಿಸಿಕೊಂಡರು. 1834ರಿಂದ 1861ರವರೆಗೆ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ದೇಶೀಯ ಪದ್ಧತಿಯನ್ನು ಬಹುಮಟ್ಟಿಗೆ ಹಾಗೆಯೇ ಬಿಟ್ಟರು. ಅಮಲ್ದಾರ, ಮುನ್ಸಿಫ, ಯುರೋಪಿಯನ್ ಸೂಪರಿಂಟೆಂಡೆಂಟ್, ಬೆಂಗಳೂರಿನ ಹುಜೂರ್ ಅದಾಲತ್, ಎಲ್ಲಕ್ಕೂ ಮೇಲೆ ಕಮಿಷನರ್: ಮೆಟ್ಟಿಲುಗಳು ಹೀಗಿದ್ದವು. 1856ರಲ್ಲಿ ಹುಜೂರ್ ಅದಾಲತ್ ಹೋಗಿ ಜುಡಿಷಿಯಲ್ ಕಮಿಷನರ್ ಬಂದರು. ಪಂಚಾಯಿತರ ಬಳಕೆ ನಿಧಾನವಾಗಿ ಕಡಿಮೆಯಾಯಿತು.

ಕಬ್ಬನ್ ಆಡಳಿತದ ಆ ವರ್ಷಗಳಲ್ಲಿ ಇಂಗ್ಲೆಂಡಿನ ಕ್ರಿಮಿನಲ್ ನ್ಯಾಯ ಹೇಗಿತ್ತೆಂದು ತಿಳಿದರೆ ಹೋಲಿಕೆ ಸರಿಯಾಗುತ್ತದೆ. ಹದಿನೆಂಟನೆಯ ಶತಮಾನದ ಕೊನೆಗೆ ಅಲ್ಲಿ ಇನ್ನೂರಕ್ಕೂ ಹೆಚ್ಚು ಅಪರಾಧಗಳಿಗೆ ಮರಣದಂಡನೆಯಿತ್ತು. ಕೊಲೆ, ಕಳ್ಳತನದಂಥ ಘೋರ ಅಪರಾಧದ ಆರೋಪಿಯ ಪರವಾಗಿ ವಕೀಲ ಜ್ಯೂರಿಯ ಮುಂದೆ ಪೂರ್ತಿ ವಾದ ಮಂಡಿಸುವ ಹಕ್ಕು ಕಾಯ್ದೆಯಾಗಿ ಬಂದದ್ದು 1836ರಲ್ಲಿ. ಬಹುತೇಕ ಮೊಕದ್ದಮೆಗಳನ್ನು ನೊಂದವರೇ ಖರ್ಚು ಹಾಕಿ ನಡೆಸಬೇಕಾಗಿತ್ತು. ಸರ್ಕಾರಿ ಅಭಿಯೋಜಕರ ಸೇವೆ ದೇಶದುದ್ದಕ್ಕೂ ಒಂದಾಗಿ ನಿಂತದ್ದು 1986ರಲ್ಲಿ. ತುಂಬಿ ಮಾಗಿದ ಒಂದು ವ್ಯವಸ್ಥೆಯನ್ನು ಇಂಗ್ಲೆಂಡ್ ಹಿಂದುಳಿದ ನಾಡಿಗೆ ದಾನವಾಗಿ ಕೊಟ್ಟಿತೆಂಬ ಚಿತ್ರ ಸತ್ಯಕ್ಕೆ ದೂರ. ಎರಡು ಕಡೆಯೂ ಆ ಶತಮಾನದಲ್ಲೇ ಬದಲಾಗುತ್ತಿದ್ದವು.

ಇಲ್ಲಿಗೆ ಬಂದದ್ದು ಇಂಗ್ಲೆಂಡಿನಲ್ಲಿ ಇಲ್ಲದ ಒಂದು ವಸ್ತು: ಅಪರಾಧಗಳನ್ನೆಲ್ಲ ಒಂದೇ ಪುಸ್ತಕದಲ್ಲಿ ವಿವರಿಸಿ ಶಿಕ್ಷೆ ನಮೂದಿಸಿದ ಸಂಹಿತೆ. ಮೆಕಾಲೆ ಅಧ್ಯಕ್ಷತೆಯ ಕಾನೂನು ಆಯೋಗ 1837ರಲ್ಲಿ ಕರಡು ಒಪ್ಪಿಸಿತ್ತು. 1860ರ ಅಕ್ಟೋಬರ್ 6ರಂದು ಭಾರತೀಯ ದಂಡ ಸಂಹಿತೆ ಅಂಗೀಕಾರವಾಗಿ 1862ರ ಜನವರಿ 1ರಿಂದ ಬ್ರಿಟಿಷ್ ಇಂಡಿಯಾದಲ್ಲಿ ಜಾರಿಯಾಯಿತು. ದಂಡ ಪ್ರಕ್ರಿಯಾ ಸಂಹಿತೆ 1861ರದು, ಸಾಕ್ಷ್ಯ ಕಾಯ್ದೆ 1872ರದು. ಲೂಯಿನ್ ಬೌರಿಂಗ್ ಕಮಿಷನರ್ ಆಗಿದ್ದಾಗ ಇವುಗಳಲ್ಲಿ ಮೊದಲ ಎರಡು ಸಂಹಿತೆಗಳು ಮೈಸೂರಿಗೂ ಬಂದವು. ಅದೇ ಸಮಯದಲ್ಲಿ ಸಂಸ್ಥಾನವನ್ನು ಎಂಟು ಜಿಲ್ಲೆಗಳಾಗಿ ವಿಂಗಡಿಸಿದರು. ಹಾಸನ ಜಿಲ್ಲೆ ಅಷ್ಟಗ್ರಾಮ ವಿಭಾಗಕ್ಕೆ ಸೇರಿತು. ಇಂಗ್ಲೆಂಡಿನ ಕ್ರಿಮಿನಲ್ ಕಾನೂನು ಇಂದಿಗೂ ಹಲವು ಕಾಯ್ದೆಗಳಲ್ಲಿ, ಹಳೆಯ ತೀರ್ಪುಗಳಲ್ಲಿ ಹಂಚಿಕೊಂಡೇ ಇದೆ.

ಸಂಹಿತೆಯ ಬಲವಿದ್ದದ್ದು ಶಿಕ್ಷೆಗೆ ಅದು ಹಾಕಿದ ಮೇಲಿನ ಎಲ್ಲೆಯಲ್ಲಿ. ಕಳ್ಳತನಕ್ಕೆ ಮೂರು ವರ್ಷದವರೆಗೆ ಸೆರೆ, ಮನೆಯೊಳಗಿನ ಕಳ್ಳತನಕ್ಕೆ ಏಳು ವರ್ಷ, ಡಕಾಯಿತಿಗೆ ಹತ್ತು ವರ್ಷ ಅಥವಾ ಜೀವನಪರ್ಯಂತ ಗಡೀಪಾರು. ಆ ಮಿತಿಯೊಳಗೆ ಎಷ್ಟು ಎಂಬುದು ನ್ಯಾಯಾಧೀಶರ ವಿವೇಚನೆ. ಮರಣದಂಡನೆ, ಗಡೀಪಾರು, ಕಠಿಣ ಅಥವಾ ಸಾದಾ ಸೆರೆ, ಆಸ್ತಿ ಮುಟ್ಟುಗೋಲು, ಜುಲ್ಮಾನೆ ಇವು ಶಿಕ್ಷೆಯ ಬಗೆಗಳು. ಗಡೀಪಾರೆಂದರೆ ಅಂಡಮಾನ್; ಜನರ ಬಾಯಲ್ಲಿ ಅದು ಕರಿನೀರು. 1864ರ ಕಾಯ್ದೆ ಛಡಿ ಏಟನ್ನೂ ಸೇರಿಸಿತು. ಯುರೋಪಿಯನ್ನರಿಗೂ ಅಮೆರಿಕನ್ನರಿಗೂ ಗಡೀಪಾರಿನ ಬದಲು ಬೇರೆಯೇ ಒಂದು ಸೆರೆಶಿಕ್ಷೆ ಇಟ್ಟಿದ್ದರು. ಎಲ್ಲರಿಗೂ ಒಂದೇ ಎಂದು ಬಂದ ಪುಸ್ತಕದಲ್ಲೇ ಚರ್ಮದ ಬಣ್ಣಕ್ಕೆ ಬೇರೆ ಅಳತೆಯಿತ್ತು.

ಈ ಭೇದ ಬೇಲೂರು, ಮಂಜರಾಬಾದಿನ ಕಾಫಿ ನಾಡಿಗೆ ದೂರದ ವಿಷಯವಾಗಿರಲಿಲ್ಲ. ಅಲ್ಲಿ ಯುರೋಪಿಯನ್ ತೋಟಗಾರರು ನೆಲೆಸಿದ್ದರು. 1881ರ ಮಾರ್ಚ್ 25ರಂದು ಚಾಮರಾಜೇಂದ್ರ ಒಡೆಯರಿಗೆ ರಾಜ್ಯ ಮರಳಿದಾಗ, ಯುರೋಪಿಯನ್ ಬ್ರಿಟಿಷ್ ಪ್ರಜೆಗಳ ಮೇಲಿನ ಕ್ರಿಮಿನಲ್ ನ್ಯಾಯಾಧಿಕಾರವನ್ನು ಬ್ರಿಟಿಷ್ ಸರ್ಕಾರ ತನ್ನಲ್ಲೇ ಉಳಿಸಿಕೊಂಡಿತು. ರೈಲ್ವೆಗೆ ಬಿಟ್ಟ ಭೂಮಿಯ ಮೇಲಿನ ನ್ಯಾಯಾಧಿಕಾರವನ್ನೂ ಕೇಳಿದಾಗ ಕೊಡಬೇಕೆಂಬ ಷರತ್ತಿತ್ತು. ಕಾಫಿ ತೋಟಗಳ ದಕ್ಷಿಣ ಭಾರತದಲ್ಲಿ ಇನ್ನೊಂದು ಕಾನೂನೂ ಬಳಕೆಯಲ್ಲಿತ್ತು: 1859ರ 13ನೆಯ ಕಾಯ್ದೆ. ಮುಂಗಡ ಪಡೆದ ಕೂಲಿಯಾಳು ಕೆಲಸಕ್ಕೆ ಬರದಿದ್ದರೆ ಮಾಲೀಕ ಮ್ಯಾಜಿಸ್ಟ್ರೇಟರಿಗೆ ದೂರು ಕೊಡಬಹುದಾಗಿತ್ತು. ಹಣ ತೀರಿಸು, ಇಲ್ಲವೇ ದುಡಿ ಎಂಬ ಆಜ್ಞೆಯನ್ನು ಮೀರಿದರೆ ಮೂರು ತಿಂಗಳವರೆಗೆ ಸೆರೆ. ಸಿವಿಲ್ ದಾವೆಯಾಗಬೇಕಿದ್ದ ಸಾಲದ ವಿಷಯ ಬಡವನ ಪಾಲಿಗೆ ಜೈಲಿನ ವಿಷಯವಾಯಿತು. ಇಂಗ್ಲೆಂಡಿನಲ್ಲಿ ಇಂಥ ಕಾನೂನು 1875ರಲ್ಲೇ ರದ್ದಾಗಿತ್ತು. ಭಾರತದಲ್ಲಿ ರದ್ದು ಮಾಡುವ ಕಾಯ್ದೆ ಬಂದದ್ದು 1925ರಲ್ಲಿ. ಯುರೋಪಿಯನ್ನರ ವಿಚಾರಣೆಯ ವಿಶೇಷ ಸವಲತ್ತುಗಳಂತೂ 1949ರವರೆಗೆ ಉಳಿದವು.

ತಾಲ್ಲೂಕಿನ ಮಟ್ಟದಲ್ಲಿ ಸಾಮಾನ್ಯ ರೈತ ಕಂಡ ಮ್ಯಾಜಿಸ್ಟ್ರೇಟ್ ಅಮಲ್ದಾರನೇ. ಕಂದಾಯ ವಸೂಲಿ, ಖಜಾನೆ, ದರಖಾಸ್ತು, ಜಾತ್ರೆಯ ಬಂದೋಬಸ್ತು ಎಲ್ಲ ಅವನದೇ. ಸಣ್ಣ ಕ್ರಿಮಿನಲ್ ಮೊಕದ್ದಮೆಗಳೂ ಅವನ ಕಚೇರಿಯಲ್ಲೇ. ಅವನು ಸರ್ಕೀಟು ಹೊರಟರೆ ಕಕ್ಷಿದಾರರು, ಸಾಕ್ಷಿಗಳು ಮೊಕ್ಕಾಂ ಹುಡುಕಿಕೊಂಡು ಹೋಗಬೇಕಾಗಿತ್ತು. ಜಿಲ್ಲೆಯಲ್ಲಿ ಡೆಪ್ಯುಟಿ ಕಮಿಷನರೇ ಜಿಲ್ಲಾ ಮ್ಯಾಜಿಸ್ಟ್ರೇಟ್. ಪೊಲೀಸರ ಮೇಲೆ ಹತೋಟಿಯಿರುವ ಅಧಿಕಾರಿಯೇ ಪೊಲೀಸರು ತಂದ ಆರೋಪಿಯ ತಪ್ಪು ನಿರ್ಣಯಿಸುವುದು ನ್ಯಾಯವಲ್ಲವೆಂಬ ಕೂಗು ಇಂಡಿಯಾದ ಉದ್ದಗಲಕ್ಕೂ ಕಾಂಗ್ರೆಸ್ಸಿನ ಆರಂಭದ ವರ್ಷಗಳಿಂದಲೇ ಇತ್ತು. ಅಧಿಕಾರ ಒಂದೇ ಕೈಯಲ್ಲಿ ಕೂಡಿದಾಗ ಜನರ ಸಿಟ್ಟೂ ಆ ಕೈಯ ಮೇಲೆಯೇ ತಿರುಗುತ್ತದೆ. 1942ರಲ್ಲಿ ಶಿವಮೊಗ್ಗ ಜಿಲ್ಲೆಯ ಈಸೂರಿನಲ್ಲಿ ಚಳವಳಿಯ ಗುಂಪಿಗೆ ಬಲಿಯಾದವರು ಅಮಲ್ದಾರ ಮತ್ತು ಸಬ್ ಇನ್ಸ್‌ಪೆಕ್ಟರ್. ಆ ಮೊಕದ್ದಮೆಯಲ್ಲಿ ಐವರನ್ನು 1943ರ ಮಾರ್ಚ್‌ನಲ್ಲಿ ಬೆಂಗಳೂರಿನ ಸೆಂಟ್ರಲ್ ಜೈಲಿನಲ್ಲಿ ಗಲ್ಲಿಗೇರಿಸಿದರು.

ಮೇಲಿನ ಹಂತದಲ್ಲಿ ಬದಲಾವಣೆ ಬೇಗ ನಡೆಯಿತು. 1884ರಲ್ಲಿ ಮೂವರು ನ್ಯಾಯಾಧೀಶರ ಚೀಫ್ ಕೋರ್ಟ್ ಸ್ಥಾಪನೆಯಾಯಿತು. 1930ರಲ್ಲಿ ಅದು ಮೈಸೂರು ಹೈಕೋರ್ಟ್ ಎನಿಸಿತು. ರಾಜ್ಯದ ಹೆಸರು 1973ರಲ್ಲಿ ಕರ್ನಾಟಕವಾದಾಗ ಹೈಕೋರ್ಟಿನ ಹೆಸರೂ ಬದಲಾಯಿತು. ಅದು ಕೂರುವ ಬೆಂಗಳೂರಿನ ಅಠಾರಾ ಕಚೇರಿ 1860ರ ದಶಕದಲ್ಲಿ ಸರ್ಕಾರದ ಹದಿನೆಂಟು ಇಲಾಖೆಗಳಿಗಾಗಿ ಕಟ್ಟಿದ ಕೆಂಪು ಕಟ್ಟಡ.

ಕಂದಾಯಾಧಿಕಾರಿಯಿಂದ ನ್ಯಾಯವನ್ನು ಬಿಡಿಸುವ ಕೆಲಸಕ್ಕೆ ಸಂವಿಧಾನದ 50ನೆಯ ವಿಧಿ ಬಲಕೊಟ್ಟಿತು. 1974ರ ಏಪ್ರಿಲ್ 1ರಿಂದ ಜಾರಿಯಾದ 1973ರ ದಂಡ ಪ್ರಕ್ರಿಯಾ ಸಂಹಿತೆ ದೇಶವಿಡೀ ಅದನ್ನು ಪೂರ್ಣಗೊಳಿಸಿತು. ಅಪರಾಧದ ವಿಚಾರಣೆ ಹೈಕೋರ್ಟಿನ ಅಧೀನದಲ್ಲಿರುವ ನ್ಯಾಯಿಕ ಮ್ಯಾಜಿಸ್ಟ್ರೇಟರಿಗೆ. ಶಾಂತಿಪಾಲನೆಯ ಮುಚ್ಚಳಿಕೆ, ನಿಷೇಧಾಜ್ಞೆಗಳು ಮಾತ್ರ ತಹಶೀಲ್ದಾರರಂಥ ಕಾರ್ಯಪಾಲಕ ಮ್ಯಾಜಿಸ್ಟ್ರೇಟರಿಗೆ. ದೇವಾಲಯಕ್ಕೆ ದಂಡದೋಷ ಬಿಟ್ಟುಕೊಟ್ಟ ಕಾಲದಿಂದ ಬಂದ ಗಂಟು ಪೂರ್ತಿ ಬಿಚ್ಚಿದ್ದು ಆಗ. ಇಷ್ಟು ದೊಡ್ಡ ಬದಲಾವಣೆ ಈಚಿನ ಐವತ್ತು ವರ್ಷಗಳದು ಎಂಬುದನ್ನು ಮರೆಯುವುದು ಸುಲಭ.

ಅದೇ ಸಂಹಿತೆ ಜ್ಯೂರಿಯನ್ನೂ ಕೈಬಿಟ್ಟಿತು. ಜ್ಯೂರಿ ಪದ್ಧತಿ ಭಾರತದ ಎಲ್ಲ ಕಡೆ ಇರಲಿಲ್ಲ. ಇದ್ದ ಕಡೆಯೂ 1958ರ ಕಾನೂನು ಆಯೋಗದ ವರದಿ ಅದನ್ನು ತೆಗೆಯಬೇಕೆಂದಿತ್ತು. ಮರುವರ್ಷದ ನಾನಾವತಿ ಪ್ರಕರಣದಲ್ಲಿ ಬೊಂಬಾಯಿಯ ಜ್ಯೂರಿ ಕೊಟ್ಟ ಖುಲಾಸೆಯ ತೀರ್ಮಾನವನ್ನು ಹೈಕೋರ್ಟ್ ತಳ್ಳಿಹಾಕಿದ್ದು ಅದರ ಕೊನೆಯನ್ನು ಹತ್ತಿರ ತಂದಿತು. ಇಂದು ಹಾಸನದ ಸೆಷನ್ಸ್ ನ್ಯಾಯಾಲಯದಲ್ಲಿ ಕೊಲೆಯ ಆರೋಪಿ ತಪ್ಪಿತಸ್ಥನೋ ಅಲ್ಲವೋ ಎಂಬುದನ್ನೂ, ಶಿಕ್ಷೆ ಎಷ್ಟೆಂಬುದನ್ನೂ ನಿರ್ಧರಿಸುವವರು ಒಬ್ಬರೇ ನ್ಯಾಯಾಧೀಶರು. ಇಂಗ್ಲೆಂಡಿನಲ್ಲಿ ಇವತ್ತಿಗೂ ಗಂಭೀರ ಪ್ರಕರಣ ಕ್ರೌನ್ ಕೋರ್ಟಿಗೆ ಹೋಗುತ್ತದೆ, ತಪ್ಪೊಪ್ಪದ ಆರೋಪಿಯ ವಿಷಯದಲ್ಲಿ ನಿರ್ಣಯ ಹನ್ನೆರಡು ಜನ ಸಾಮಾನ್ಯರದು, ಶಿಕ್ಷೆ ಮಾತ್ರ ನ್ಯಾಯಾಧೀಶರದು. ಅಲ್ಲಿನ ಕೆಳ ನ್ಯಾಯಾಲಯಗಳಲ್ಲಿ ಕೂರುವ ಮ್ಯಾಜಿಸ್ಟ್ರೇಟರಲ್ಲಿ ಹೆಚ್ಚಿನವರು ಕಾನೂನು ಪದವಿಯಿಲ್ಲದ, ಸಂಬಳವಿಲ್ಲದ ನಾಗರಿಕರು. ಭಾರತ ಇಂಗ್ಲೆಂಡಿನಿಂದ ವಿಧಾನವನ್ನು ತೆಗೆದುಕೊಂಡು ಸಾಮಾನ್ಯ ಜನರ ಪಾಲನ್ನು ಬಿಟ್ಟಿತು. ಪಂಚಾಯಿತರ ನಾಡಿನಲ್ಲಿ ಇದು ನಷ್ಟವೇ ಆದರೂ, ಜಾತಿ ಮತ್ತು ಹಣದ ಒತ್ತಡ ಗೊತ್ತಿದ್ದವರು ಈ ನಿರ್ಧಾರವನ್ನು ತಪ್ಪೆನ್ನಲಾರರು.

ಬೇಲೂರು ಮತ್ತು ಅರಸೀಕೆರೆಗಳಲ್ಲಿ ಸಿವಿಲ್ ನ್ಯಾಯಾಧೀಶರೇ ಪ್ರಥಮ ದರ್ಜೆ ನ್ಯಾಯಿಕ ಮ್ಯಾಜಿಸ್ಟ್ರೇಟರೂ ಆಗಿರುವ ನ್ಯಾಯಾಲಯಗಳಿವೆ. ಜನ ಅವನ್ನು ಜೆಎಂಎಫ್‌ಸಿ ಕೋರ್ಟ್ ಎನ್ನುತ್ತಾರೆ. ಹಳೇಬೀಡು ಈಗ ಬೇಲೂರು ತಾಲ್ಲೂಕಿನ ಒಂದು ಹೋಬಳಿ. ಠಾಣೆಯಲ್ಲಿ ಎಫ್‌ಐಆರ್ ದಾಖಲಾಗುತ್ತದೆ, ಪೊಲೀಸರು ಮಹಜರು ಮಾಡಿ, ಹೇಳಿಕೆ ಪಡೆದು ದೋಷಾರೋಪ ಪಟ್ಟಿ ಸಲ್ಲಿಸುತ್ತಾರೆ. ಬಂಧಿತರನ್ನು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಅಪರಾಧದ ತೂಕ ನೋಡಿ 60 ಅಥವಾ 90 ದಿನಗಳಲ್ಲಿ ಪಟ್ಟಿ ಬರದಿದ್ದರೆ ಜಾಮೀನು ಹಕ್ಕಾಗುತ್ತದೆ. ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರು ಮೂರು ವರ್ಷದವರೆಗೆ, ಮುಖ್ಯ ನ್ಯಾಯಿಕ ಮ್ಯಾಜಿಸ್ಟ್ರೇಟರು ಏಳು ವರ್ಷದವರೆಗೆ ಸೆರೆ ವಿಧಿಸಬಹುದು. ಕೊಲೆಯಂಥ ಪ್ರಕರಣವನ್ನು ಮ್ಯಾಜಿಸ್ಟ್ರೇಟರು ಸೆಷನ್ಸ್‌ಗೆ ಒಪ್ಪಿಸುತ್ತಾರೆ. ಸೆಷನ್ಸ್ ನ್ಯಾಯಾಲಯ ಮರಣದಂಡನೆ ಕೊಟ್ಟರೆ ಹೈಕೋರ್ಟ್ ದೃಢೀಕರಿಸುವವರೆಗೆ ಅದು ಜಾರಿಯಾಗುವಂತಿಲ್ಲ.

ವಕೀಲಿ ವೃತ್ತಿಯ ಚರಿತ್ರೆ ಇನ್ನೂ ಈಚಿನದು. ಇಂಗ್ಲೆಂಡಿನಲ್ಲಿ ಕಕ್ಷಿದಾರರನ್ನು ನೋಡಿ ಕಾಗದ ಸಿದ್ಧಪಡಿಸುವವರು ಸಾಲಿಸಿಟರ್, ಮೇಲಿನ ನ್ಯಾಯಾಲಯದಲ್ಲಿ ನಿಂತು ವಾದಿಸುವವರು ಬ್ಯಾರಿಸ್ಟರ್. ಬ್ಯಾರಿಸ್ಟರ್ ಆಗಲು ಲಂಡನ್ನಿನ ನಾಲ್ಕು ಇನ್‌ಗಳಲ್ಲಿ ಒಂದನ್ನು ಸೇರಬೇಕು. ಈ ವಿಂಗಡಣೆ ಕಲ್ಕತ್ತ, ಬೊಂಬಾಯಿಗಳಲ್ಲಿ ನಡೆಯಿತೇ ಹೊರತು ಮೈಸೂರಿನ ತಾಲ್ಲೂಕುಗಳಿಗೆ ಇಳಿಯಲಿಲ್ಲ. ಇಲ್ಲಿದ್ದವರು ಪ್ಲೀಡರ್‌ಗಳು, ವಕೀಲರು, ಅಡ್ವೊಕೇಟರು. ಕಾನೂನು ಓದಲು ಮದ್ರಾಸಿಗೋ ಪುಣೆಗೋ ಹೋಗಬೇಕಾಗಿತ್ತು. ಬೆಂಗಳೂರಿನ ಸರ್ಕಾರಿ ಕಾನೂನು ಕಾಲೇಜು ಆರಂಭವಾದದ್ದು 1948ರಲ್ಲಿ. ಹೆಣ್ಣುಮಕ್ಕಳಿಗೆ ವೃತ್ತಿಯ ಬಾಗಿಲು ಬ್ರಿಟಿಷ್ ಇಂಡಿಯಾದಲ್ಲಿ ಕಾಯ್ದೆಯಿಂದ ತೆರೆದದ್ದು 1923ರಲ್ಲಿ. 1961ರ ವಕೀಲರ ಕಾಯ್ದೆ ಹಳೆಯ ದರ್ಜೆಗಳನ್ನೆಲ್ಲ ಅಳಿಸಿ ಅಡ್ವೊಕೇಟ್ ಎಂಬ ಒಂದೇ ವರ್ಗ ಉಳಿಸಿತು. ಹೀಗಾಗಿ ಅರಸೀಕೆರೆಯ ವಕೀಲರು ಕಕ್ಷಿದಾರರ ಕತೆ ಕೇಳುವುದು, ವಕಾಲತ್ತು ಹಾಕುವುದು, ಜಾಮೀನು ಅರ್ಜಿ ಬರೆಯುವುದು, ಪಾಟೀಸವಾಲು ಮಾಡುವುದು ಎಲ್ಲವನ್ನೂ ತಾವೇ ಮಾಡುತ್ತಾರೆ. ಲಂಡನ್ನಿನಲ್ಲಿ ಇಬ್ಬರು ಹಂಚಿಕೊಳ್ಳುವ ದುಡಿಮೆ ಇಲ್ಲಿ ಒಬ್ಬರದು, ಅದೂ ಕನ್ನಡದಲ್ಲಿ ಹೇಳಿದ ಸಾಕ್ಷ್ಯವನ್ನೂ ಇಂಗ್ಲಿಷಿನ ತೀರ್ಪುಗಳನ್ನೂ ಒಟ್ಟಿಗೆ ನಿಭಾಯಿಸಿಕೊಂಡು.

ಸರ್ಕಾರದ ಪರವಾಗಿ ಮೊಕದ್ದಮೆ ನಡೆಸುವ ಕೆಲಸ ಮ್ಯಾಜಿಸ್ಟ್ರೇಟ್ ಕೋರ್ಟುಗಳಲ್ಲಿ ಬಹುಕಾಲ ಪೊಲೀಸ್ ಅಧಿಕಾರಿಗಳದೇ ಆಗಿತ್ತು. ತನಿಖೆ ಮಾಡಿದ ಇಲಾಖೆಯೇ ವಾದವನ್ನೂ ಮಂಡಿಸುತ್ತಿತ್ತು. 1973ರ ಸಂಹಿತೆ ಸಹಾಯಕ ಸರ್ಕಾರಿ ಅಭಿಯೋಜಕರ ಹುದ್ದೆಯನ್ನು ತಂದಿತು. 2005ರ ತಿದ್ದುಪಡಿ ಅಭಿಯೋಜನಾ ನಿರ್ದೇಶನಾಲಯಕ್ಕೆ ಅವಕಾಶ ಮಾಡಿತು. ಅಭಿಯೋಜಕರ ಕರ್ತವ್ಯ ಹೇಗಾದರೂ ಶಿಕ್ಷೆ ಕೊಡಿಸುವುದಲ್ಲ, ಇರುವ ಸಾಕ್ಷ್ಯವನ್ನು ನ್ಯಾಯಾಲಯದ ಮುಂದೆ ಪ್ರಾಮಾಣಿಕವಾಗಿ ಇಡುವುದು. ಈ ಮಾತನ್ನು ಎರಡು ದೇಶಗಳ ಕಾನೂನೂ ಒಪ್ಪುತ್ತದೆ.

ಶಿಕ್ಷೆ ಗೊತ್ತುಮಾಡುವ ವಿಷಯದಲ್ಲಿ ಎರಡು ದೇಶಗಳು ದೂರ ಸರಿದಿವೆ. ಇಂಗ್ಲೆಂಡಿನಲ್ಲಿ 2010ರಿಂದ ಶಿಕ್ಷಾ ಮಂಡಳಿಯೊಂದು ಮಾರ್ಗಸೂಚಿಗಳನ್ನು ಹೊರಡಿಸುತ್ತಿದೆ. ಅಪರಾಧದ ಹಾನಿ, ಅಪರಾಧಿಯ ಹೊಣೆ ಇವನ್ನು ಅಳೆದು ನ್ಯಾಯಾಧೀಶರು ಒಂದು ಆರಂಭದ ಅವಧಿಯಿಂದ ಲೆಕ್ಕ ಹಾಕುತ್ತಾರೆ. ಮೊದಲಲ್ಲೇ ತಪ್ಪೊಪ್ಪಿಕೊಂಡರೆ ಮೂರನೆಯ ಒಂದು ಪಾಲಿನವರೆಗೆ ರಿಯಾಯಿತಿ. ಭಾರತದಲ್ಲಿ ಅಂಥ ಮಂಡಳಿಯಿಲ್ಲ. ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದ ವಿ.ಎಸ್. ಮಳಿಮಠ ಅವರ ಸಮಿತಿ 2003ರ ತನ್ನ ವರದಿಯಲ್ಲಿ ಶಿಕ್ಷೆಯ ಮಾರ್ಗಸೂಚಿಗೆ ಕಾಯಂ ವ್ಯವಸ್ಥೆ ಬೇಕೆಂದು ಹೇಳಿತ್ತು. ಅದು ಜಾರಿಗೆ ಬರದಿರುವುದು ದೊಡ್ಡ ಕೊರತೆ. ಒಂದೇ ಬಗೆಯ ತಪ್ಪಿಗೆ ಒಂದು ಊರಿನಲ್ಲಿ ಆರು ತಿಂಗಳು, ಮತ್ತೊಂದರಲ್ಲಿ ಎರಡು ವರ್ಷ ಆಗುವುದಕ್ಕೆ ಇದರಿಂದ ದಾರಿಯುಳಿದಿದೆ. ಇರುವ ರಕ್ಷಣೆಯೆಂದರೆ, ಸೆಷನ್ಸ್ ವಿಚಾರಣೆಯಲ್ಲಿ ತಪ್ಪಿತಸ್ಥನೆಂದ ಮೇಲೆ ಶಿಕ್ಷೆಯ ಬಗ್ಗೆಯೇ ಪ್ರತ್ಯೇಕವಾಗಿ ಅಪರಾಧಿಯ ಮಾತನ್ನು ಕೇಳಬೇಕೆಂಬ ನಿಯಮ, ಮತ್ತು ಸೆರೆಯ ಬದಲು ಸನ್ನಡತೆಯ ಮೇಲೆ ಬಿಡಲು ಅವಕಾಶ ಕೊಡುವ 1958ರ ಪರಿವೀಕ್ಷಣಾ ಕಾಯ್ದೆ.

ಮರಣದಂಡನೆಯ ಇತಿಹಾಸದಲ್ಲಿ ಕಾನೂನು ಪೂರಾ ತಿರುಗಿ ನಿಂತಿದೆ. 1955ರ ತಿದ್ದುಪಡಿಯವರೆಗೆ ಕೊಲೆಗಾರನಿಗೆ ಗಲ್ಲು ಕೊಡದಿದ್ದರೆ ನ್ಯಾಯಾಧೀಶರು ಕಾರಣ ಬರೆಯಬೇಕಿತ್ತು. 1973ರ ಸಂಹಿತೆಯ ನಂತರ ಗಲ್ಲು ಕೊಟ್ಟರೆ ವಿಶೇಷ ಕಾರಣ ಬರೆಯಬೇಕು. ಸುಪ್ರೀಂ ಕೋರ್ಟಿನ 1980ರ ಬಚನ್ ಸಿಂಗ್ ತೀರ್ಪು ಅದನ್ನು ಅಪರೂಪದಲ್ಲಿ ಅಪರೂಪದ ಪ್ರಕರಣಕ್ಕೆ ಮೀಸಲಿಟ್ಟಿತು. ಇಂಗ್ಲೆಂಡ್ 1965ರಲ್ಲೇ ಕೊಲೆಗೆ ಗಲ್ಲನ್ನು ನಿಲ್ಲಿಸಿತ್ತು. ಭಾರತದಲ್ಲಿ ಛಡಿ ಏಟು 1955ರಲ್ಲಿ ರದ್ದಾಯಿತು. 1956ರ ಜನವರಿ 1ರಿಂದ ಕರಿನೀರಿನ ಜಾಗಕ್ಕೆ ಜೀವಾವಧಿ ಸೆರೆ ಬಂತು.

ದಿವ್ಯದ ಪ್ರಶ್ನೆ ಹೊಸ ವೇಷದಲ್ಲಿ ಮತ್ತೆ ಬಂದದ್ದು ಬೆಂಗಳೂರಿನ ಪ್ರಯೋಗಾಲಯದಿಂದ. ಮಂಪರು ಔಷಧ ಕೊಟ್ಟು ಆರೋಪಿಯ ಬಾಯಿಂದ ನಿಜ ಹೊರಡಿಸುವ ಪರೀಕ್ಷೆಗೆ ಈ ಶತಮಾನದ ಮೊದಲ ದಶಕದಲ್ಲಿ ಬೆಂಗಳೂರು ಹೆಸರಾಗಿತ್ತು. 2010ರ ಮೇ 5ರಂದು ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಒಪ್ಪಿಗೆಯಿಲ್ಲದೆ ಇಂಥ ಪರೀಕ್ಷೆ ಮಾಡುವುದು ಸಂವಿಧಾನದ 20(3)ನೆಯ ವಿಧಿಗೆ ವಿರುದ್ಧ ಎಂದಿತು. ಆರೋಪಿಯ ದೇಹವನ್ನೇ ಅವನ ವಿರುದ್ಧ ಸಾಕ್ಷಿಯಾಗಿ ನಿಲ್ಲಿಸುವ ಹಳೆಯ ಆಸೆಗೆ ಹಾಕಿದ ತಡೆ ಇದು.

2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಭಾರತೀಯ ಸಾಕ್ಷ್ಯ ಅಧಿನಿಯಮಗಳು ಹಳೆಯ ಮೂರು ಕಾನೂನುಗಳ ಜಾಗಕ್ಕೆ ಬಂದಿವೆ. ಹೆಚ್ಚಿನ ಅಪರಾಧಗಳ ವ್ಯಾಖ್ಯಾನ ಮೆಕಾಲೆ ಕಾಲದ್ದೇ, ಸೆಕ್ಷನ್ನುಗಳ ಸಂಖ್ಯೆ ಬೇರೆ. ನಿಜವಾಗಿ ಹೊಸದೆಂದರೆ ಸಮುದಾಯ ಸೇವೆಯೆಂಬ ಶಿಕ್ಷೆ. ಐದು ಸಾವಿರ ರೂಪಾಯಿಗಿಂತ ಕಡಿಮೆ ಬೆಲೆಯ ವಸ್ತುವನ್ನು ಮೊದಲ ಸಲ ಕದ್ದವರು ಅದನ್ನು ಮರಳಿಸಿದರೆ ಜೈಲಿನ ಬದಲು ಅದೇ ಶಿಕ್ಷೆ. ದೇಗುಲಗಳ ಈ ಸೀಮೆಗೆ ಸಂಬಂಧಿಸಿದ ಇನ್ನೊಂದು ಸೇರ್ಪಡೆಯೂ ಇದೆ: ಪೂಜಾಸ್ಥಳದಿಂದ ವಿಗ್ರಹ ಕದ್ದವರಿಗೆ ಏಳು ವರ್ಷದವರೆಗೆ ಸೆರೆಯೆಂದು 305ನೆಯ ಸೆಕ್ಷನ್ ಹೆಸರಿಟ್ಟೇ ಹೇಳುತ್ತದೆ. 2023ರಲ್ಲಿ ವಿಶ್ವಪರಂಪರೆಯ ಪಟ್ಟಿ ಸೇರಿದ ಬೇಲೂರು, ಹಳೇಬೀಡಿನ ದೇವಾಲಯಗಳಿಗೆ ಹಾನಿ ಮಾಡಿದರೆ 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಯಡಿ ಎರಡು ವರ್ಷದವರೆಗೆ ಸೆರೆ, ಒಂದು ಲಕ್ಷ ರೂಪಾಯಿವರೆಗೆ ಜುಲ್ಮಾನೆ. 2010ರ ತಿದ್ದುಪಡಿಗೆ ಮೊದಲು ಇದು ಮೂರು ತಿಂಗಳು, ಐದು ಸಾವಿರ ರೂಪಾಯಿ ಮಾತ್ರವಾಗಿತ್ತು.

ಒಬ್ಬಂಟಿ ಆರೋಪಿಯ ಪರ ಮಾತಾಡುವವರು ಯಾರೆಂಬ ಪ್ರಶ್ನೆಗೆ ಕಾನೂನಿನಲ್ಲಿ ಈಗ ಉತ್ತರವಿದೆ. 1995ರ ನವೆಂಬರ್ 9ರಿಂದ ಜಾರಿಯಲ್ಲಿರುವ 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೆಯ ಸೆಕ್ಷನ್ ಪ್ರಕಾರ ಬಂಧನದಲ್ಲಿರುವವರಿಗೆ, ಹೆಂಗಸರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಉಚಿತವಾಗಿ ವಕೀಲರು ಸಿಗಬೇಕು. ತಾಲ್ಲೂಕು ಕಾನೂನು ಸೇವಾ ಸಮಿತಿಯ ಕಚೇರಿ ಆಯಾ ತಾಲ್ಲೂಕಿನ ನ್ಯಾಯಾಲಯದ ಆವರಣದಲ್ಲೇ ಇರುತ್ತದೆ. ಅಲ್ಲಿಗೆ ಒಂದು ಅರ್ಜಿ ಕೊಟ್ಟರೆ ಸಾಕು. ರಾಷ್ಟ್ರೀಯ ಪ್ರಾಧಿಕಾರದ ಉಚಿತ ಸಹಾಯವಾಣಿಯ ಸಂಖ್ಯೆ 15100.